ಬ್ಯಾರೆಂಟ್ಸ್ ಸಮುದ್ರದ ಕಾಡ್ ಕೋಟಾ 8.85 ಲಕ್ಷ ಟನ್‌ನಿಂದ 2.85 ಲಕ್ಷಕ್ಕೆ: ಕಡಲಡಿಯ ಮೀನನ್ನು ಎಣಿಸೋದು ಹೇಗೆ, ಲೆಕ್ಕ ತಪ್ಪೋದು ಎಲ್ಲಿ?

ಕೋಟಾಲೆಕ್ಕ:

ನಾರ್ವೆ–ರಷ್ಯಾ ಜಂಟಿ ಮೀನುಗಾರಿಕಾ ಆಯೋಗ ಪ್ರತಿ ವರ್ಷ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನಿಗೆ ಒಂದು ಮಿತಿ ಹಾಕುತ್ತದೆ. ಈಚಿನ ವರ್ಷಗಳದ್ದು ಹೀಗಿದೆ, ಟನ್‌ಗಳಲ್ಲಿ:

2020: 7,38,000
2021: 8,85,600
2022: 7,08,480
2023: 5,66,784
2024: 4,53,427
2025: 3,40,000
2026: 2,85,000

2013ರಲ್ಲಿ ಇದೇ ಕೋಟಾ 10 ಲಕ್ಷ ಟನ್ ಇತ್ತು. ಜಗತ್ತಿನಲ್ಲೇ ಚೆನ್ನಾಗಿ ನಿರ್ವಹಿಸಿದ ಮೀನುಗಾರಿಕೆ ಅಂತ ಎಲ್ಲರೂ ಹೊಗಳುವ ಜಾಗದಲ್ಲೇ ಹೀಗಾದರೆ ಏನರ್ಥ? ಅತಿಯಾಗಿ ಹಿಡಿದರಾ, ಮೊದಲೇ ಎಣಿಕೆ ತಪ್ಪಿತ್ತಾ? ವಿಧಾನ ಗೊತ್ತಿರುವವರು ವಿವರವಾಗಿ ಬರೆಯಿರಿ. "ಹವಾಮಾನ ಬದಲಾವಣೆ" ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ.

ಬೆರ್ಗೆನ್_ಮಳೆ:

ಮೊದಲು ಆ ಅಂಕಿಗಳನ್ನೇ ಒಮ್ಮೆ ಭಾಗಿಸಿ ನೋಡಿ. 7,38,000ಕ್ಕೆ ಶೇ. 20 ಸೇರಿಸಿದರೆ ಸರಿಯಾಗಿ 8,85,600. ಅದರಲ್ಲಿ ಶೇ. 20 ಕಳೆದರೆ 7,08,480. ಮತ್ತೆ ಕಳೆದರೆ 5,66,784. ಇನ್ನೊಮ್ಮೆ ಕಳೆದರೆ 4,53,427. ಅಂದರೆ ಇವು ಮೀನು ಎಣಿಸಿ ಬಂದ ಅಂಕಿಗಳೇ ಅಲ್ಲ. ಕೋಟಾ ಒಂದು ವರ್ಷದಲ್ಲಿ ಶೇ. 20ಕ್ಕಿಂತ ಹೆಚ್ಚು ಏರಬಾರದು, ಇಳಿಯಬಾರದು ಅನ್ನುವ ನಿಯಮದ ಅಂಚಿಗೆ ನಾಲ್ಕು ವರ್ಷ ಸತತವಾಗಿ ತಾಗಿ ನಿಂತ ಅಂಕಿಗಳು. ಲೆಕ್ಕ ಪ್ರತಿ ಸಲವೂ ಅದಕ್ಕಿಂತ ಆಚೆ ಎಳೆಯುತ್ತಿತ್ತು.

2016ರಲ್ಲಿ ಪರಿಷ್ಕರಿಸಿದ ನಿಯಮ ಸ್ಥೂಲವಾಗಿ ಹೀಗೆ. ಮೊಟ್ಟೆಯಿಡುವ ವಯಸ್ಸಿಗೆ ಬಂದ ಮೀನಿನ ಒಟ್ಟು ತೂಕ 4.6 ಲಕ್ಷ ಟನ್‌ನಿಂದ 9.2 ಲಕ್ಷದ ನಡುವೆ ಇದ್ದರೆ ಮೀನುಗಾರಿಕಾ ಮರಣದರ 0.40. ಅಲ್ಲಿಂದ 13.8 ಲಕ್ಷದವರೆಗೆ ದರ ನೇರ ಗೆರೆಯಲ್ಲಿ 0.60ಕ್ಕೆ ಏರುತ್ತದೆ. 4.6 ಲಕ್ಷದ ಕೆಳಗೆ ಬಿದ್ದರೆ ದರ ಸೊನ್ನೆಯ ಕಡೆಗೆ ಇಳಿಯುತ್ತದೆ, ಜೊತೆಗೆ ಶೇ. 20ರ ಕಟ್ಟೂ ಬಿಚ್ಚಿಹೋಗುತ್ತದೆ. 2025ರಲ್ಲಿ ಇಳಿಕೆ ಶೇ. 25 ಆಗಿದ್ದು ಇದಕ್ಕೇ. ವಿಜ್ಞಾನಿಗಳು ಕೇಳಿದ್ದು ಅದಕ್ಕಿಂತ ಹೆಚ್ಚು ಕಡಿತ. ಆಯೋಗ ಸ್ವಲ್ಪ ಸಡಿಲ ಬಿಟ್ಟಿತು.

0.40 ಅಂದರೆ ನೂರಕ್ಕೆ ನಲವತ್ತು ಹಿಡಿಯೋದು ಅಂತ ತಿಳಿಯಬೇಡಿ. ಅದು ಘಾತೀಯ ದರ. ಸಹಜ ಮರಣ 0.2 ಸೇರಿದರೆ ಒಟ್ಟು 0.6. ವರ್ಷದ ಕೊನೆಗೆ ನೂರರಲ್ಲಿ 55 ಉಳಿಯುತ್ತವೆ, ಸುಮಾರು 30 ಬಲೆಗೆ, 15 ಸಹಜವಾಗಿ ಸಾಯುತ್ತವೆ. 0.60ಕ್ಕೆ ಹೋದರೆ ಬಲೆಗೆ ಸುಮಾರು 41.

ತಂಡೇಲ_ಮಲ್ಪೆ:

ಹಾಗಾದ್ರೆ ಶೇ. 20ರ ಕಟ್ಟೇ ತೊಂದರೆ ಮಾಡಿದ್ದಲ್ವಾ? ಮೀನು ಕಮ್ಮಿ ಅಂತ ಗೊತ್ತಿದ್ದೂ ಮೂರು ವರ್ಷ ಹೆಚ್ಚಿಗೆ ಹಿಡಿಯೋಕೆ ಬಿಟ್ಟ ಹಾಗಾಯ್ತು.

ಬೆರ್ಗೆನ್_ಮಳೆ:

ಅರ್ಧ ಒಪ್ಪುತ್ತೇನೆ. ಕಟ್ಟು ಇರೋದು ಸಂಸ್ಕರಣಾ ಘಟಕ, ಬೋಟಿನ ಸಾಲ, ಮಾರುಕಟ್ಟೆ ಇವು ಒಂದೇ ಏಟಿಗೆ ಬೀಳಬಾರದು ಅಂತ. ಎಣಿಕೆಯಲ್ಲಿ ಪ್ರತಿ ವರ್ಷ ಬರುವ ಆಕಸ್ಮಿಕ ಏರುಪೇರು ನೇರ ಕೋಟಾಕ್ಕೆ ಇಳಿಯಬಾರದು ಅನ್ನುವುದೂ ಒಂದು ಕಾರಣ. ಮೀನು ಏರುವಾಗ ಅದು ಮೀನಿನ ಪರ, ಇಳಿಯುವಾಗ ಬೋಟಿನ ಪರ. ನನ್ನ ಪ್ರಕಾರ ಇಳಿಜಾರಿನಲ್ಲಿ ಕಟ್ಟನ್ನು 4.6 ಲಕ್ಷಕ್ಕೆ ಬರುವ ಮೊದಲೇ ಸಡಿಲಿಸಬೇಕು. ಮರಿಗಳ ಸಂಖ್ಯೆ ಕಮ್ಮಿ ಅಂತ ಸಮೀಕ್ಷೆಯಲ್ಲಿ ಎರಡು ಮೂರು ವರ್ಷ ಮುಂಚೆಯೇ ಕಾಣುತ್ತದೆ.

ಅಂಕಿಗಣ್ಣು:

ಸಮೀಕ್ಷೆ ಹೇಗೆ ಅಂತ ನಾನು ಬರೆಯುತ್ತೇನೆ. ಎಲ್ಲದರ ಬುಡ ಅಲ್ಲೇ ಇದೆ.

ಚಳಿಗಾಲದ ಜಂಟಿ ಸಮೀಕ್ಷೆ 1981ರಿಂದ ನಡೆಯುತ್ತಿದೆ. ಬಲೆ ಕ್ಯಾಂಪೆಲೆನ್ 1800, ಮೂಲದಲ್ಲಿ ಸಿಗಡಿ ಟ್ರಾಲ್, ಅಂದರೆ ತಳದಲ್ಲಿ ಎಳೆಯುವ ಬಲೆ. ಬಾಲದ ಚೀಲದ ಕಣ್ಣು 22 ಮಿ.ಮೀ., ಮರಿ ಕೂಡ ತಪ್ಪಿಸಿಕೊಳ್ಳಬಾರದು ಅಂತ. ವ್ಯಾಪಾರಿ ಟ್ರಾಲ್‌ಗಳಿಗೆ ಅಲ್ಲಿ ಕಡ್ಡಾಯ 130 ಮಿ.ಮೀ., ಅದರಿಂದ ಎರಡನ್ನೂ ಹೋಲಿಸಲೇಬಾರದು. ವೇಗ 3 ನಾಟ್, ಬಲೆ ತಳಕ್ಕೆ ಮುಟ್ಟಿದ ಮೇಲೆ 15 ನಿಮಿಷ. ಮೊದಲು 30 ನಿಮಿಷ ಎಳೆಯುತ್ತಿದ್ದರು. ಒಂದು ಎಳೆತ ಚಿಕ್ಕದಾದರೆ ಅದೇ ಹಡಗಿನ ದಿನಗಳಲ್ಲಿ ಹೆಚ್ಚು ಜಾಗ ನೋಡಬಹುದು. ಅಕ್ಕಪಕ್ಕದ ಕಾಡ್‌ಗಳು ಹೆಚ್ಚು ಕಮ್ಮಿ ಒಂದೇ ಥರ ಇರೋದರಿಂದ, ಒಂದೇ ಕಡೆ ಸಾವಿರ ಮೀನು ಅಳೆಯೋದಕ್ಕಿಂತ ಹತ್ತು ಕಡೆ ನೂರು ನೂರು ಅಳೆಯೋದು ಲಾಭ.

ಲೆಕ್ಕ ಸರಳ. 3 ನಾಟ್‌ನಲ್ಲಿ 15 ನಿಮಿಷಕ್ಕೆ 0.75 ನಾಟಿಕಲ್ ಮೈಲಿ, ಅಂದರೆ 1,389 ಮೀ. ಬಲೆ ಗುಡಿಸುವ ಅಗಲ 25 ಮೀ. ಅಂತ ಇಟ್ಟುಕೊಂಡರೆ 0.0347 ಚದರ ಕಿ.ಮೀ. 60 ಮೀನು ಸಿಕ್ಕರೆ ಚದರ ಕಿ.ಮೀ.ಗೆ ಸುಮಾರು 1,730. ಇದನ್ನು ಆಯಾ ವಲಯದ ವಿಸ್ತೀರ್ಣದಿಂದ ಗುಣಿಸಿ, ವಲಯಗಳನ್ನು ಕೂಡಿದರೆ ಸೂಚ್ಯಂಕ.

ಎಲ್ಲಾ ಎಡವಟ್ಟು ಆ "25 ಮೀ." ಅನ್ನುವುದರಲ್ಲಿದೆ. ಆಳಕ್ಕೆ ಹೋದ ಹಾಗೆ ಬಲೆ ಎಳೆಯುವ ವಾರ್ಪ್ ರೋಪು ಉದ್ದ ಬಿಡಬೇಕು. ರೋಪು ಉದ್ದವಾದರೆ ಬಲೆಯ ಬಾಯಿ ಅಗಲಿಸುವ ಎರಡು ಬೋರ್ಡುಗಳು ಇನ್ನಷ್ಟು ಅಗಲಕ್ಕೆ ಹೋಗುತ್ತವೆ. ಬೋರ್ಡು ಎಬ್ಬಿಸುವ ಕೆಸರಿನ ಮೋಡ ಮೀನನ್ನು ಬಲೆಯ ಬಾಯಿಗೆ ಅಟ್ಟುವುದರಿಂದ, ಅದೇ ಸಂಖ್ಯೆಯ ಮೀನಿದ್ದರೂ ಆಳದಲ್ಲಿ ಹೆಚ್ಚು ಬೀಳುತ್ತದೆ. ಇದನ್ನು ತಡೆಯಲು ಬೋರ್ಡುಗಳಿಂದ ಸುಮಾರು ನೂರು ಮೀಟರ್ ಮುಂದೆ ಎರಡು ವಾರ್ಪ್‌ಗಳ ನಡುವೆ ಗಿಡ್ಡ ರೋಪು ಕಟ್ಟಿ ಅಗಲವನ್ನು ಹಿಡಿದಿಡುತ್ತಾರೆ. ಬೋರ್ಡಿಗೆ, ಬಲೆಯ ಬಾಯಿಗೆ ಸೆನ್ಸರ್ ಹಾಕಿ ಅಗಲ, ಎತ್ತರ ಎರಡನ್ನೂ ಎಳೆತದುದ್ದಕ್ಕೂ ನೋಡುತ್ತಾರೆ. ಬೋರ್ಡು ಮಗುಚಿದರೆ, ಬಲೆ ಹರಿದರೆ ಆ ಎಳೆತವನ್ನು ಲೆಕ್ಕದಿಂದ ತೆಗೆಯಬೇಕು. "ಮೀನು ಸಿಕ್ಕಿದೆಯಲ್ಲ, ಇರಲಿ ಬಿಡಿ" ಅಂತ ಸೇರಿಸಿದರೆ ಕೆಟ್ಟಿತು.

ಇನ್ನೊಂದು: ಬಲೆಯ ಕೆಳಬದಿ. 1989ಕ್ಕೆ ಮೊದಲು ಉರುಳುವ ಬಾಬಿನ್‌ಗಳಿದ್ದವು, ಅವುಗಳ ನಡುವಿನ ಸಂದಿಯಲ್ಲಿ ಮರಿ ಕಾಡ್ ಕೆಳಗಿಂದ ನುಸುಳುತ್ತಿತ್ತು. ಆಮೇಲೆ ರಾಕ್‌ಹಾಪರ್ ರಬ್ಬರ್ ಡಿಸ್ಕ್ ಹಾಕಿದರು. ಮರಿಗಳ ಸಂಖ್ಯೆ ದಿಢೀರನೆ ಏರಿದಂತೆ ಕಾಣಿಸುತ್ತದೆ, ಸಮುದ್ರದಲ್ಲಿ ಏನೂ ಬದಲಾಗಿರುವುದಿಲ್ಲ! ಹಳೆಯ ವರ್ಷಗಳ ಅಂಕಿಗೆ ತಿದ್ದುಪಡಿ ಗುಣಕ ಹಾಕದೆ ಗ್ರಾಫ್ ಎಳೆಯುವವರನ್ನು ನಂಬಬೇಡಿ.

ಧ್ವನಿಶೋಧ:

ಬಲೆಯ ಜೊತೆಗೆ, ಧ್ವನಿ ಕಳಿಸಿ ಪ್ರತಿಧ್ವನಿ ಕೇಳುವ ಎಕೋ ಸೌಂಡರ್ ಕೂಡ ಓಡುತ್ತಿರುತ್ತದೆ, 38 ಕಿಲೋಹರ್ಟ್ಸ್. ಅಲ್ಲಿನ ಮುಖ್ಯ ಸೂತ್ರ: ಕಾಡ್‌ನ ಪ್ರತಿಧ್ವನಿ ಬಲ = 20 ಲಾಗ್(ಉದ್ದ ಸೆಂ.ಮೀ.) − 68 ಡೆಸಿಬೆಲ್. 60 ಸೆಂ.ಮೀ. ಮೀನಿಗೆ ಸುಮಾರು −32.4. ಒಟ್ಟು ಮರಳಿ ಬಂದ ಧ್ವನಿಯನ್ನು ಒಂದು ಮೀನಿನ ಧ್ವನಿಯಿಂದ ಭಾಗಿಸಿದರೆ ಸಂಖ್ಯೆ ಬರುತ್ತದೆ. ಈ 68ರಲ್ಲಿ 1 ಡೆಸಿಬೆಲ್ ಹೆಚ್ಚು ಕಮ್ಮಿಯಾದರೆ ಸಂಖ್ಯೆಯಲ್ಲಿ ಶೇ. 26ರಷ್ಟು ವ್ಯತ್ಯಾಸ, 3 ಡೆಸಿಬೆಲ್ ಆದರೆ ದುಪ್ಪಟ್ಟು. ಅದಕ್ಕೇ ಸಮೀಕ್ಷೆಗೆ ಮುಂಚೆ ನೀರು ಶಾಂತವಿರುವ ಕಡೆ ಲಂಗರು ಹಾಕಿ, 60 ಮಿ.ಮೀ. ವ್ಯಾಸದ ತಾಮ್ರದ ಗುಂಡನ್ನು ಹಡಗಿನ ಕೆಳಗೆ ಮೂರು ದಾರದಲ್ಲಿ ಇಳಿಬಿಟ್ಟು ಯಂತ್ರವನ್ನು ಹೊಂದಿಸುತ್ತಾರೆ. ಆ ಗುಂಡು 38 ಕಿಲೋಹರ್ಟ್ಸ್‌ಗೆ −33.6 ಡೆಸಿಬೆಲ್ ಕೊಡಬೇಕು. ಗುಂಡಿಗೆ ಗಾಳಿಗುಳ್ಳೆ ಅಂಟಿರಬಾರದು. ಸಾಬೂನು ನೀರಲ್ಲಿ ಅದ್ದಿ ಇಳಿಸುವುದು ಅದಕ್ಕೇ.

ತಳದ ಹತ್ತಿರ ಒಂದು ಕುರುಡು ಪಟ್ಟಿಯೂ ಇದೆ. 300 ಮೀ. ಆಳದಲ್ಲಿ, 7 ಡಿಗ್ರಿ ಅಗಲದ ಧ್ವನಿಕಿರಣ, 1 ಮಿಲಿಸೆಕೆಂಡ್ ಉದ್ದದ ಧ್ವನಿಸ್ಪಂದ ಇದ್ದರೆ ಸಮತಟ್ಟು ತಳದ ಮೇಲೆ ಸುಮಾರು ಒಂದೂಕಾಲು ಮೀಟರ್ ಏನೂ ಕಾಣುವುದಿಲ್ಲ. ತಳ ಇಳಿಜಾರಿದ್ದರೆ ಇನ್ನೂ ಹೆಚ್ಚು. ಕಾಡ್ ಹೊಟ್ಟೆ ತಳಕ್ಕೆ ತಾಗುವ ಹಾಗೆ ಮಲಗುವ ಮೀನು, ಅಲ್ಲೇ ಇರುತ್ತದೆ. ಬಲೆಗೆ ಮೇಲಿನದು ತಪ್ಪುತ್ತದೆ, ಸೌಂಡರ್‌ಗೆ ಕೆಳಗಿನದು ತಪ್ಪುತ್ತದೆ. ಎರಡೂ ಸೂಚ್ಯಂಕಗಳನ್ನು ಬೇರೆ ಬೇರೆಯಾಗಿಯೇ ಒಟ್ಟು ಮೀನನ್ನು ಅಂದಾಜು ಮಾಡುವ ಗಣಿತ ಮಾದರಿಗೆ ಕೊಡಬೇಕು, ಸುಮ್ಮನೆ ಕೂಡಿಸಿದರೆ ನಡುವಿನ ಕೆಲವು ಮೀನು ಎರಡು ಸಲ ಎಣಿಕೆಯಾಗುತ್ತವೆ.

ತಂಡೇಲ_ಮಲ್ಪೆ:

ವಯಸ್ಸು ಗೊತ್ತಾಗೋದು ಹೇಗೆ? ಉದ್ದ ನೋಡಿ ಹೇಳ್ತಾರಾ?

ಓಟೋಲಿತ್_ಓದುಗ:

ಉದ್ದ ನೋಡಿ ಹೇಳಿದರೆ ಕಾಡ್‌ನಲ್ಲಿ ಕೆಟ್ಟಿರಿ. ಆಹಾರ ಚೆನ್ನಾಗಿ ಸಿಕ್ಕ 4 ವರ್ಷದ್ದು, ಸಿಗದ 6 ವರ್ಷದ್ದು ಒಂದೇ ಉದ್ದ ಇರಬಹುದು.

ತಲೆಯ ಒಳಕಿವಿಯಲ್ಲಿ ಎರಡು ದೊಡ್ಡ ಸುಣ್ಣದ ಹರಳು ಇರುತ್ತವೆ. ತಲೆಯನ್ನು ಕಣ್ಣಿನ ಹಿಂದೆ ಅಡ್ಡ ಕತ್ತರಿಸಿ ಚಿಮಟದಲ್ಲಿ ತೆಗೆಯುತ್ತಾರೆ. ರಕ್ತ, ಪೊರೆ ಒರೆಸಿ ಒಣಗಿಸಿ ಕಾಗದದ ಲಕೋಟೆಗೆ ಹಾಕಬೇಕು. ಒರೆಸದೆ ಹಾಕಿದರೆ ಅಂಟಿಕೊಂಡು, ಆಮೇಲೆ ಗೆರೆ ಮಸುಕಾಗುತ್ತದೆ. ಹರಳನ್ನು ನಟ್ಟನಡುವೆ ಮುರಿದು, ಮುರಿದ ಮೈಯನ್ನು ಪ್ರತಿಫಲಿತ ಬೆಳಕಿನಲ್ಲಿ ಸೂಕ್ಷ್ಮದರ್ಶಕದಡಿ ನೋಡಿದರೆ ಬೇಸಿಗೆಯ ಬಿಳಿ ಪಟ್ಟಿ, ಚಳಿಗಾಲದ ಕಪ್ಪು ಪಟ್ಟಿ ಕಾಣುತ್ತವೆ. ಒಂದು ಬಿಳಿ, ಒಂದು ಕಪ್ಪು ಸೇರಿ ಒಂದು ವರ್ಷ. ಮುರಿತ ನಡುವಿನಿಂದ ಸ್ವಲ್ಪ ಸರಿದರೆ ಮೊದಲ ಉಂಗುರವೇ ತಪ್ಪಿಹೋಗಿ ಇಡೀ ಮೀನು ಒಂದು ವರ್ಷ ಕಿರಿಯದಾಗುತ್ತದೆ. ಹುಟ್ಟುಹಬ್ಬ ಎಲ್ಲ ಮೀನಿಗೂ ಜನವರಿ 1 ಅಂತ ಒಪ್ಪಂದ. ಫೆಬ್ರವರಿಯಲ್ಲಿ ಹಿಡಿದ ಮೀನಿನ ಅಂಚಿನಲ್ಲಿ ಕಪ್ಪು ಪಟ್ಟಿ ಪೂರ್ತಿ ಆಗಿಲ್ಲದಿದ್ದರೂ ಅದನ್ನು ಒಂದು ವರ್ಷ ಅಂತಲೇ ಎಣಿಸಬೇಕು. ಹೊಸಬರು ಹೆಚ್ಚು ಮುಗ್ಗರಿಸೋದು ಅಲ್ಲೇ. ನಾರ್ವೆ, ರಷ್ಯಾದ ಓದುಗರು ಒಂದೇ ಹರಳುಗಳನ್ನು ಅದಲುಬದಲು ಮಾಡಿ ಓದಿ ಹೋಲಿಸುವ ಪದ್ಧತಿ ಹಿಂದಿನಿಂದ ಇದೆ.

ಎಲ್ಲಾ ಮೀನಿನ ಹರಳು ತೆಗೆಯಲು ಆಗುವುದಿಲ್ಲ. ಉದ್ದ ಎಲ್ಲದರದ್ದೂ ಅಳೆದು, 5 ಸೆಂ.ಮೀ. ಗುಂಪಿಗೆ ಇಷ್ಟು ಅಂತ ಹರಳು ತೆಗೆಯುತ್ತಾರೆ. ಉದಾಹರಣೆಗೆ 45–49 ಸೆಂ.ಮೀ. ಗುಂಪಿನಲ್ಲಿ 10 ಹರಳು ಓದಿದಾಗ 1 ಮೂರು ವರ್ಷದ್ದು, 6 ನಾಲ್ಕರದ್ದು, 3 ಐದರದ್ದು ಅಂತ ಬಂತು. ಆ ಗುಂಪಿನಲ್ಲಿ ಒಟ್ಟು 200 ಮೀನು ಇದ್ದರೆ 20, 120, 60 ಅಂತ ಹಂಚಬೇಕು. ಹೋದ ವರ್ಷದ ಪಟ್ಟಿಯನ್ನೇ ಈ ವರ್ಷಕ್ಕೆ ಬಳಸುವುದು ದುಡ್ಡು ಉಳಿಸುವ ಸುಲಭದ ದಾರಿ, ಆದರೆ ದೊಡ್ಡ ತಪ್ಪು. ಹೋದ ವರ್ಷ 4ರ ಮೀನು ವಿಪರೀತ ಇದ್ದರೆ, ಈ ವರ್ಷವೂ 4 ಹೆಚ್ಚು ಅಂತ ಪಟ್ಟಿ ಹೇಳುತ್ತದೆ, ಆ ಮೀನುಗಳಿಗೆ ಈಗ 5 ಆಗಿದ್ದರೂ ಸಹ.

ಒಂದು ಉಪಯೋಗ ಇನ್ನೂ ಇದೆ. ಬ್ಯಾರೆಂಟ್ಸ್‌ನಿಂದ ನಾರ್ವೆಯ ಲೋಫೊಟೆನ್ ದ್ವೀಪಗಳ ಕಡೆಗೆ ಮೊಟ್ಟೆಯಿಡಲು ವಲಸೆ ಬರುವ ಕಾಡ್, ಅಲ್ಲೇ ಫ್ಯೋರ್ಡ್‌ಗಳಲ್ಲಿ (ಕಿರಿದಾದ ಕೊಲ್ಲಿಗಳಲ್ಲಿ) ಇರುವ ಕರಾವಳಿ ಕಾಡ್ ಒಂದೇ ಬಲೆಗೆ ಬೀಳುತ್ತವೆ. ಹರಳಿನ ಮೊದಲ ಎರಡು ಕಪ್ಪು ಪಟ್ಟಿಗಳ ಆಕಾರ ನೋಡಿ ಬೇರ್ಪಡಿಸಬಹುದು ಅಂತ 1930ರ ದಶಕದಲ್ಲೇ ನಾರ್ವೆಯ ರೊಲೆಫ್‌ಸನ್ ತೋರಿಸಿದ್ದರು. ಈಗ ವಂಶವಾಹಿ ಪರೀಕ್ಷೆ ಅದನ್ನೇ ಬೇಗ ಮಾಡುತ್ತದೆ. ಕರಾವಳಿ ಕಾಡ್ ಬಹಳ ವರ್ಷದಿಂದ ದುರ್ಬಲ, ಅದಕ್ಕೆ ಈ ವಿಂಗಡಣೆ ಬೇಕೇ ಬೇಕು.

ಕೋಟಾಲೆಕ್ಕ:

ಇಷ್ಟೆಲ್ಲ ಕಷ್ಟ ಯಾಕೆ? ಬೋಟುಗಳು ಗಂಟೆಗೆ ಎಷ್ಟು ಟನ್ ಹಿಡಿಯುತ್ತವೆ ಅಂತ ದಾಖಲೆ ಇದ್ದೇ ಇರುತ್ತಲ್ಲ. ಅದು ಇಳಿದರೆ ಮೀನು ಇಳಿದಿದೆ ಅಂತ.

ಅಂಕಿಗಣ್ಣು:

ಕೆನಡಾ ಅದನ್ನೇ ನಂಬಿ ನ್ಯೂಫೌಂಡ್‌ಲ್ಯಾಂಡ್‌ನ ಕಾಡ್ ಕಳೆದುಕೊಂಡಿದ್ದು.

1968ರಲ್ಲಿ ಅಲ್ಲಿ ಸುಮಾರು 8.1 ಲಕ್ಷ ಟನ್ ಹಿಡಿದಿದ್ದರು, ಹೆಚ್ಚಿನದು ಪರದೇಶಿ ಹಡಗುಗಳು. 1977ರಲ್ಲಿ ಕೆನಡಾ 200 ಮೈಲಿ ವಲಯ ಘೋಷಿಸಿತು, ಮೀನು ಸ್ವಲ್ಪ ಚೇತರಿಸಿತು, ಸ್ವಂತ ಟ್ರಾಲರ್‌ಗಳು ಬಂದವು. 1980ರ ದಶಕದ ಅಂದಾಜುಗಳಲ್ಲಿ ಟ್ರಾಲರ್‌ಗಳ ಗಂಟೆವಾರು ಮೀನು ಹಿಡುವಳಿಗೆ ತುಂಬಾ ತೂಕ ಕೊಟ್ಟಿದ್ದರು. ಕಾಡ್ ಕಮ್ಮಿಯಾದಾಗ ಎಲ್ಲ ಕಡೆ ತೆಳುವಾಗುವುದಿಲ್ಲ, ಇರುವಷ್ಟು ಮೀನು ಒಳ್ಳೆಯ ಜಾಗಕ್ಕೆ ಬಂದು ಒತ್ತಾಗಿ ನಿಲ್ಲುತ್ತದೆ. ನೂರು ಚೌಕದಲ್ಲಿದ್ದ ಮೀನು ಇಪ್ಪತ್ತೈದು ಚೌಕಕ್ಕೆ ಬಂದರೆ ನಾಲ್ಕರಲ್ಲಿ ಮೂರು ಪಾಲು ಹೋಗಿದೆ, ಆದರೆ ಆ ಇಪ್ಪತ್ತೈದರೊಳಗೆ ಎಳೆಯುವ ಬೋಟಿಗೆ ಗಂಟೆಗೆ ಅಷ್ಟೇ ಟನ್! ಸೋನಾರ್ ಇದ್ದ ಮೇಲೆ ಆ ಇಪ್ಪತ್ತೈದು ಹುಡುಕೋದು ಕಷ್ಟವೇ ಅಲ್ಲ. ಯಾದೃಚ್ಛಿಕವಾಗಿ ಆರಿಸಿದ ಜಾಗಗಳಲ್ಲಿ ಎಳೆದ ಸಂಶೋಧನಾ ಹಡಗಿನ ಅಂಕಿ ಇಳಿಯುತ್ತಿತ್ತು, ಟ್ರಾಲರ್ ಅಂಕಿ ಏರುತ್ತಿತ್ತು. ದಡದ ಸಣ್ಣ ದೋಣಿಯವರು ಮೀನು ಬರುತ್ತಿಲ್ಲ, ಬಂದದ್ದೂ ಸಣ್ಣದು ಅಂತ ಕೂಗುತ್ತಿದ್ದರು. ಅವರ ಬಲೆ ಒಂದೇ ಜಾಗದಲ್ಲಿ ಕಟ್ಟಿರುವಂಥದ್ದು, ಮೀನಿನ ಹಿಂದೆ ಓಡುವುದಿಲ್ಲ. ಅಳತೆಯಾಗಿ ಅದೇ ಹೆಚ್ಚು ಪ್ರಾಮಾಣಿಕ. ನಿಜವಾದ ಮೀನುಗಾರಿಕಾ ಮರಣ ಗುರಿಯ ದುಪ್ಪಟ್ಟಿಗೂ ಹೆಚ್ಚಿತ್ತು ಅಂತ ಗೊತ್ತಾಗುವಾಗ ಹೊತ್ತು ಮೀರಿತ್ತು. 1992ರ ಜುಲೈ 2ರಂದು ಸಚಿವ ಜಾನ್ ಕ್ರಾಸ್ಬಿ ನಿಷೇಧ ಘೋಷಿಸಿದರು. ಎರಡು ವರ್ಷಕ್ಕೆ ಅಂತ ಹೇಳಿದ್ದು 2024ರವರೆಗೆ ಎಳೆಯಿತು.

ತಣ್ಣೀರು:

ಪೂರ್ತಿ ಗಂಟೆವಾರು ಹಿಡುವಳಿಯ ಮೇಲೆ ಹಾಕಬೇಡಿ. 1990ರ ಆಸುಪಾಸು ಲ್ಯಾಬ್ರಡಾರ್ ನೀರು ವಿಪರೀತ ತಣ್ಣಗಾಗಿತ್ತು, ಕಾಡ್ ತಿನ್ನುವ ಕೇಪ್ಲಿನ್ ಮೀನು 1991ರಲ್ಲಿ ಕುಸಿಯಿತು. ಕಾಡ್ ಹಸಿವಿನಿಂದ ಬಡಕಲಾಗಿತ್ತು. ಸಹಜ ಮರಣವನ್ನು 0.2 ಅಂತಲೇ ಹಿಡಿದು ಕೂತರೆ ಹೆಚ್ಚುವರಿ ಸಾವೆಲ್ಲ ಮೀನುಗಾರರ ತಲೆಗೆ ಬರುತ್ತದೆ.

ಅಂಕಿಗಣ್ಣು:

ಚಳಿ ಇತ್ತು ಅನ್ನುವುದು ನಿಜ. ಆದರೆ ಆ ಮೀನು ಅದಕ್ಕೂ ಹಿಂದೆ ಎಷ್ಟೋ ಚಳಿಗಾಲ ದಾಟಿ ಬಂದಿದೆ. ಹತ್ತು ಹನ್ನೆರಡು ವರ್ಷದ ದೊಡ್ಡ ಹೆಣ್ಣುಮೀನುಗಳಿದ್ದಾಗ ನಾಲ್ಕಾರು ಕೆಟ್ಟ ವರ್ಷ ತಡೆದುಕೊಳ್ಳುತ್ತದೆ. ಅವನ್ನು ಹಿಡಿದು ಮುಗಿಸಿದ ಮೇಲೆ ಒಂದು ಕೆಟ್ಟ ವರ್ಷ ಸಾಕು. ನನ್ನ ವಾದ ಅಷ್ಟೇ.

ತಣ್ಣೀರು:

ಅದೇ ಕೇಪ್ಲಿನ್ ವಿಚಾರ ಬ್ಯಾರೆಂಟ್ಸ್‌ಗೂ ತರಬೇಕು, ಇಲ್ಲಿ ಯಾರೂ ಎತ್ತಿಲ್ಲ.

ಕೇಪ್ಲಿನ್ ಸಣ್ಣ ಮೀನು, ಕಾಡ್‌ನ ಮುಖ್ಯ ಊಟ. 1980ರ ದಶಕದ ನಡುವೆ ಅದು ಕುಸಿದಾಗ ಕಾಡ್ ತನ್ನ ಮರಿಗಳನ್ನೇ ತಿಂದಿತು, ಬೆಳವಣಿಗೆ ನಿಂತಿತು. ಹಾರ್ಪ್ ಸೀಲ್‌ಗಳು ನಾರ್ವೆಯ ದಡಕ್ಕೆ ನುಗ್ಗಿ ಬಲೆಗಳಲ್ಲಿ ಸಿಕ್ಕಿಕೊಂಡವು, ಬ್ಯೋರ್ನೋಯಾ ದ್ವೀಪದಲ್ಲಿ ಗಿಲ್ಲೆಮಾಟ್ ಹಕ್ಕಿಗಳು ಹಿಂಡುಹಿಂಡಾಗಿ ಇಲ್ಲವಾದವು. ಆಮೇಲಿನ ಎರಡು ಕುಸಿತಗಳಲ್ಲಿ ಅಷ್ಟು ಪೆಟ್ಟು ಬೀಳಲಿಲ್ಲ, ಬೇರೆ ಆಹಾರ ಇತ್ತು. ಕುಸಿತದ ಹಿಂದೆ ಹೆಚ್ಚಾಗಿ ಮರಿ ಹೆರ್ರಿಂಗ್ ಇರುತ್ತದೆ. 1983ರಂತೆ ಹೆರ್ರಿಂಗ್ ಚೆನ್ನಾಗಿ ಹುಟ್ಟಿದ ವರ್ಷದ ಮರಿಗಳು ಬ್ಯಾರೆಂಟ್ಸ್‌ಗೆ ಬಂದು ಕೇಪ್ಲಿನ್ ಲಾರ್ವಾಗಳನ್ನು ತಿನ್ನುತ್ತವೆ.

ಅದಕ್ಕೆ ಕೇಪ್ಲಿನ್ ಕೋಟಾದ ಲೆಕ್ಕವೇ ಬೇರೆ. ಶರತ್ಕಾಲದಲ್ಲಿ ಸೌಂಡರ್‌ನಿಂದ ಅಳೆದ ಮೊತ್ತದಲ್ಲಿ, ಜನವರಿಯಿಂದ ಮಾರ್ಚ್‌ವರೆಗೆ ಕಾಡ್ ತಿನ್ನುವುದನ್ನು ಮೊದಲು ಕಳೆಯುತ್ತಾರೆ. ಆಮೇಲೆ ಏಪ್ರಿಲ್ 1ಕ್ಕೆ 2 ಲಕ್ಷ ಟನ್ ಮೊಟ್ಟೆಮೀನು ಉಳಿಯುವ ಸಂಭವ ಶೇ. 95 ಇರಬೇಕು. ಇಲ್ಲದಿದ್ದರೆ ಕೋಟಾ ಸೊನ್ನೆ. ಕಾಡ್ ಎಷ್ಟು ತಿನ್ನುತ್ತದೆ ಅನ್ನಲು 1984ರಿಂದ ಎರಡೂ ದೇಶ ಸೇರಿ ಕಾಡ್ ಹೊಟ್ಟೆ ಸೀಳಿ ತಿಂದದ್ದನ್ನು ತೂಗಿ ದಾಖಲೆ ಇಟ್ಟಿವೆ. ಹೊಟ್ಟೆ ತೆಗೆಯುವಾಗ ಬಲೆಯೊಳಗೇ ನುಂಗಿದ ಮೀನನ್ನು ಬೇರೆ ಮಾಡಬೇಕು: ಬಾಯಲ್ಲಿ, ಗಂಟಲಲ್ಲಿ ಹಸಿಯಾಗಿ ಇರುವುದನ್ನು ಸೇರಿಸಬಾರದು. ಹೊಟ್ಟೆಯನ್ನು ಕಕ್ಕಿದ ಮೀನನ್ನು "ಖಾಲಿ" ಅಂತ ಬರೆಯಬಾರದು. ಆಳದಿಂದ ಎಳೆದಾಗ ಗಾಳಿಚೀಲ ಉಬ್ಬಿ ಹೊಟ್ಟೆ ಹೊರಬರುತ್ತದೆ, ಪಿತ್ತಕೋಶ ನೋಡಿದರೆ ಗೊತ್ತಾಗುತ್ತದೆ. ಈಚೆಗೆ ತಿಂದಿದ್ದರೆ ಅದು ಚಿಕ್ಕದಾಗಿ ಕುಗ್ಗಿರುತ್ತದೆ.

ತಂಡೇಲ_ಮಲ್ಪೆ:

ಮರಿ ಹಿಡಿಯೋದನ್ನ ಹೇಗೆ ತಡೀತಾರೆ? ನಮ್ಮಲ್ಲಿ ಕಣ್ಣಿನ ಅಳತೆ ನಿಯಮ ಕಾಗದದ ಮೇಲಿದೆ, ಬಲೆ ನೋಡುವವರು ಯಾರು.

ಬೆರ್ಗೆನ್_ಮಳೆ:

ಅಲ್ಲಿ ಎರಡು ಉಪಾಯ ಕೂಡಿ ನಡೆಯುತ್ತದೆ. ಮೊದಲನೆಯದು ಬಲೆಯೊಳಗೆ ಓರೆಯಾಗಿ ಕೂರಿಸಿದ ಕಂಬಿಚೌಕ. ಕಂಬಿಗಳ ನಡುವೆ 55 ಮಿ.ಮೀ. ಸಂದಿ, ಸಣ್ಣದು ಅದರಿಂದ ಹೊರಗೆ ಹೋಗಿಬಿಡುತ್ತದೆ. 1997ರಲ್ಲಿ ಕಡ್ಡಾಯವಾಯಿತು. ತೊಂದರೆ ಏನೆಂದರೆ, ಒಮ್ಮೆಗೇ ಹೆಚ್ಚು ಮೀನು ನುಗ್ಗಿದರೆ ಕಂಬಿಯ ಮುಂದೆ ಒತ್ತಿ ಸಂದಿ ಮುಚ್ಚುತ್ತದೆ, ಮರಿಗೆ ದಾರಿ ಸಿಗುವುದಿಲ್ಲ. ಕಾಡ್ ವಿಪರೀತ ಇದ್ದ 2010ರ ದಶಕದಲ್ಲಿ ಇದು ದೊಡ್ಡ ತಲೆನೋವಾಗಿತ್ತು.

ಎರಡನೆಯದು ಜಾಗ ಮುಚ್ಚುವುದು. ತಪಾಸಣೆಯವರು ಎಳೆತದಲ್ಲಿ ಮೀನು ಅಳೆದು, ಕಾಡ್, ಹ್ಯಾಡಕ್, ಸೇತ್ ಈ ಮೂರೂ ಜಾತಿಯ ಮೀನು ಸೇರಿಸಿ ಸಂಖ್ಯೆಯಲ್ಲಿ ಶೇ. 15ಕ್ಕಿಂತ ಹೆಚ್ಚು ಅಳತೆಗಿಂತ ಸಣ್ಣದು ಬಂದರೆ ಆ ಜಾಗ ಮುಚ್ಚುತ್ತಾರೆ. ಕಾಡ್‌ಗೆ ಕನಿಷ್ಠ 44 ಸೆಂ.ಮೀ. ಹಿಡಿದದ್ದನ್ನು ನೀರಿಗೆ ಎಸೆಯುವಂತಿಲ್ಲ. ನಾರ್ವೆ ಕಾಡ್, ಹ್ಯಾಡಕ್‌ಗೆ 1987ರಲ್ಲೇ ಈ ನಿಷೇಧ ತಂದಿತು. ಎಸೆಯುವುದು ನಿಷೇಧವಾದ್ದರಿಂದಲೇ ಬೋಟಿನವರಿಗೆ ಮರಿ ಇರುವ ಜಾಗ ಬಿಟ್ಟುಹೋಗುವುದು ಲಾಭ. ಮರಿಯೂ ಅವರ ಕೋಟಾ ತಿನ್ನುತ್ತದೆ, ಬೆಲೆ ಮಾತ್ರ ಬರುವುದಿಲ್ಲ.

ಓಟೋಲಿತ್_ಓದುಗ:

ಮಲ್ಪೆಯವರಿಗೆ ಒಂದು ಮಾತು. ಈ ವಯಸ್ಸುವಾರು ಲೆಕ್ಕವನ್ನು ಬೂತಾಯಿಗೆ ಹಾಗೇ ಹಾಕಲು ಬರುವುದಿಲ್ಲ. ಅದರ ಆಯಸ್ಸೇ ಎರಡು ಮೂರು ವರ್ಷ, ಬೆಚ್ಚನೆ ನೀರಲ್ಲಿ ಚಳಿಗಾಲದ ಉಂಗುರ ಸ್ಪಷ್ಟವಾಗಿ ಬೀಳುವುದಿಲ್ಲ. ಅದಕ್ಕೇ ನಮ್ಮ ಸಂಶೋಧಕರು ಉದ್ದದ ಹಂಚಿಕೆಯಿಂದ ಲೆಕ್ಕ ಮಾಡುತ್ತಾರೆ. ಆದರೆ ನ್ಯೂಫೌಂಡ್‌ಲ್ಯಾಂಡ್ ವಿಷಯ ಮಾತ್ರ ಬೂತಾಯಿ, ಬಂಗುಡೆಗೆ ಇನ್ನೂ ಹೆಚ್ಚು ಅನ್ವಯ. ಗುಂಪುಗಟ್ಟುವ ಮೀನಿನಲ್ಲಿ, ಗುಂಪನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟಿನ ಒಂದು ಟ್ರಿಪ್ಪಿನ ಹಿಡುವಳಿ ಕೊನೆಯ ಗುಂಪಿನವರೆಗೂ ಚೆನ್ನಾಗಿಯೇ ಇರುತ್ತದೆ. ಗುಂಪು ಹುಡುಕಲು ಎಷ್ಟು ಗಂಟೆ ಸುತ್ತಿದರು, ಎಷ್ಟು ಡೀಸೆಲ್ ಹೋಯಿತು ಅನ್ನುವುದನ್ನು ಬರೆದಿಟ್ಟರೆ ಮಾತ್ರ ಇಳಿಕೆ ಕಾಣುತ್ತದೆ.

ಕೋಟಾಲೆಕ್ಕ:

ಸರಿ, ಮೂಲ ಪ್ರಶ್ನೆಗೆ ಬನ್ನಿ. ಬ್ಯಾರೆಂಟ್ಸ್‌ದು ಅತಿ ಹಿಡಿತವಾ, ತಪ್ಪು ಎಣಿಕೆಯಾ?

ಅಂಕಿಗಣ್ಣು:

2013ರ ಶಿಖರ ಬಹುಪಾಲು 2004, 2005ರಲ್ಲಿ ಹುಟ್ಟಿದ ಎರಡು ಭಾರಿ ಪೀಳಿಗೆಗಳದ್ದು. ಅವು ಮುಗಿದವು, ಅಷ್ಟು ದೊಡ್ಡದು ಮತ್ತೆ ಬರಲಿಲ್ಲ. ಪೀಳಿಗೆಯ ಏರಿಳಿತ ಹೊಸತೇನಲ್ಲ, ಯೋಹಾನ್ ಯೋರ್ಟ್ 1914ರಲ್ಲೇ ಹೆರ್ರಿಂಗ್‌ನ 1904ರ ಪೀಳಿಗೆ ಇಟ್ಟುಕೊಂಡು ಇದನ್ನೇ ತೋರಿಸಿದ್ದರು. ಅದರ ಮೇಲೆ ಶೇ. 20ರ ಕಟ್ಟು ಇಳಿಜಾರಿನಲ್ಲಿ ಹಿಡಿತವನ್ನು ನಿಯಮದ ದರಕ್ಕಿಂತ ಮೇಲೆ ಇಟ್ಟಿತು. 2022ರಲ್ಲಿ ಅಂತರರಾಷ್ಟ್ರೀಯ ಸಮುದ್ರ ಪರಿಶೋಧನಾ ಮಂಡಳಿಯಲ್ಲಿ ರಷ್ಯಾದ ತಜ್ಞರ ಭಾಗವಹಿಸುವಿಕೆಗೆ ತಡೆ ಬಿದ್ದ ಮೇಲೆ ಅಂದಾಜನ್ನು ನಾರ್ವೆ, ರಷ್ಯಾ ಇಬ್ಬರೇ ಕೂತು ಮಾಡುತ್ತಿದ್ದಾರೆ, ಹೊರಗಿನವರ ಕಣ್ಣು ಕಮ್ಮಿ.

ಎಣಿಕೆ ವಾಲಿದೆಯೇ ಅಂತ ನೀವೇ ನೋಡಬಹುದು. ಈಗಿನ ದತ್ತಾಂಶದಿಂದ ಕೊನೆಯ ಒಂದು ವರ್ಷ ತೆಗೆದು ಮಾದರಿ ಓಡಿಸಿ, ಎರಡು ತೆಗೆದು ಓಡಿಸಿ, ಹೀಗೆ ಐದರವರೆಗೆ. ಪ್ರತಿ ಸಲ ಕೊನೆಯ ವರ್ಷದ ಅಂದಾಜು ಪೂರ್ತಿ ದತ್ತಾಂಶದ ಅಂದಾಜಿಗಿಂತ ಶೇಕಡಾ ಎಷ್ಟು ಹೆಚ್ಚು ಅಂತ ಬರೆದು ಸರಾಸರಿ ತೆಗೆಯಿರಿ. ಇದಕ್ಕೆ ಮೋನ್‌ನ ರೋ ಅಂತ ಹೆಸರು. 0.2 ದಾಟಿದರೆ ಮಾದರಿ ಪ್ರತಿ ವರ್ಷ ಮೀನನ್ನು ಹೆಚ್ಚು ತೋರಿಸುತ್ತಿದೆ ಅಂತ ಎಚ್ಚರವಾಗಬೇಕು. ಐದು ಅಂಕಿಗಳಲ್ಲಿ ಮೂರು ಮೇಲೆ, ಎರಡು ಕೆಳಗೆ ಬಂದರೆ ಅದು ಬರೀ ಆಕಸ್ಮಿಕ ಏರುಪೇರು. ಐದೂ ಒಂದೇ ಕಡೆ ವಾಲಿದರೆ ಹುಡುಕಬೇಕಾದ್ದು ಸಹಜ ಮರಣ, ದಾಖಲಾಗದ ಹಿಡುವಳಿ, ಅಥವಾ ಸಮೀಕ್ಷೆ ತಲುಪದ ಜಾಗ. ಬ್ಯಾರೆಂಟ್ಸ್‌ನಲ್ಲಿ ಮೂರನೆಯದನ್ನು ಮೊದಲು ನೋಡುತ್ತೇನೆ: ಕಡಲ ಮಂಜುಗಡ್ಡೆಯ ಅಂಚಿನವರೆಗೆ ಕಾಡ್ ಹೋಗುತ್ತಿದೆ, ರಷ್ಯಾ ವಲಯಕ್ಕೆ ಹಡಗು ಹೋಗಲಾಗದ ವರ್ಷಗಳೂ ಇವೆ.

ತಂಡೇಲ_ಮಲ್ಪೆ:

ತಲುಪದ ಜಾಗದ ಮೀನನ್ನ ಸೊನ್ನೆ ಅಂತ ಹಾಕ್ತಾರಾ?

ಅಂಕಿಗಣ್ಣು:

ಹಾಕಬಾರದು. ಆ ವಲಯದಲ್ಲಿ ಹಿಂದಿನ ವರ್ಷಗಳಲ್ಲಿ ಒಟ್ಟಿನ ಎಷ್ಟು ಪಾಲು ಇತ್ತು ಅಂತ ನೋಡಿ, ವಯಸ್ಸುವಾರು ಗುಣಿಸಿ ತುಂಬುತ್ತಾರೆ. 1 ವರ್ಷದ ಮರಿ ಪೂರ್ವಕ್ಕೆ ಹೆಚ್ಚು ಇರುತ್ತದೆ, 8 ವರ್ಷದ್ದು ಆ ಹೊತ್ತಿಗೆ ಲೋಫೊಟೆನ್ ದಾರಿ ಹಿಡಿದಿರುತ್ತದೆ. ಅದಕ್ಕೆ ಎಲ್ಲಾ ವಯಸ್ಸಿಗೂ ಒಂದೇ ಗುಣಕ ಹಾಕಿದರೆ ಮರಿಗಳ ಅಂಕಿ ಕೆಡುತ್ತದೆ, ಮೂರು ವರ್ಷ ಬಿಟ್ಟು ಬರುವ ಕೋಟಾ ನಿಂತಿರುವುದು ಆ ಮರಿಗಳ ಮೇಲೆ.